ಖಾಲಿ ಕಯಾಕ್: ಕೊಟ್ಟವರ ಹೆಸರು

"ಮಾಲೀಕ ಸಿಕ್ಕಿದ ಮೇಡಂ. ಸಂಪಲಾ ವಿಷಯ!"

ಸಬ್‌ಇನ್‌ಸ್ಪೆಕ್ಟರ್ ಭೋಯಿರ್ ಫೋನನ್ನು ಜೇಬಿಗೆ ಸೇರಿಸಿ ಎರಡೂ ಕೈ ಕೊಡವಿದ. ವಿಷಯ ಮುಗಿಯಿತು ಎಂದು ಮರಾಠಿಯಲ್ಲಿ ಹೇಳುವುದು ಅವನಿಗೊಂದು ಚಟ. ನಾನು ವಿಮಾ ಕಂಪನಿಗೆ ದೋಣಿಗಳ ಸರ್ವೇ ಮಾಡಿಕೊಂಡಿದ್ದ ಕಾಲದಿಂದಲೂ ಕೇಳುತ್ತ ಬಂದಿದ್ದೇನೆ. ಹುಡುಗ ಒಳ್ಳೆಯವನೇ, ಅವಸರ ಮಾತ್ರ ಜಾಸ್ತಿ.

ಘಣಸೋಲಿಯ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ಬೆಳಿಗ್ಗೆ ಕೋಲಿ ಮೀನುಗಾರರಿಗೆ ಖಾಲಿ ಕಯಾಕ್ ಒಂದು ಸಿಕ್ಕಿತು ಎನ್ನುವಲ್ಲಿಗೆ ಹೋದ ವಾರ ಕತೆ ನಿಲ್ಲಿಸಿದ್ದೆ. ಆ ಕಯಾಕ್ ಈಗ ದಡದಲ್ಲಿ, ನನ್ನ ಕಾಲ ಬುಡದಲ್ಲೇ ಇತ್ತು. ಒಬ್ಬರು ಕಾಲು ಚಾಚಿ ಕೂತು ಎರಡೂ ಬದಿಗೆ ಹುಟ್ಟು ಹಾಕುವಂಥ ಕೆಂಪು ಪ್ಲಾಸ್ಟಿಕ್ ದೋಣಿ. ಕೂರುವ ಜಾಗದ ಪಕ್ಕದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ. ಅದೂ ಕನ್ನಡ ಅಕ್ಷರ, ಅಂಕಿಯೂ ಕನ್ನಡವೇ! ಅದನ್ನು ಓದಿಸಲೆಂದೇ ಭೋಯಿರ್ ನನ್ನನ್ನು ಡೊಂಬಿವಲಿಯಿಂದ ಭಾನುವಾರದ ತಿಂಡಿ ಬಿಡಿಸಿ ಕರೆಸಿದ್ದ.

'ಪುಂಡರೀಕಾಕ್ಷ, ವಾಗ್ಳೆ ಎಸ್ಟೇಟ್' ಎಂದು ಓದಿ, ಕೆಳಗಿದ್ದ ಮೊಬೈಲ್ ನಂಬರನ್ನೂ ಹೇಳಿದ್ದೆ. ಭೋಯಿರ್ ಫೋನ್ ಮಾಡಿದ. ಪುಂಡರೀಕಾಕ್ಷ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತೇ ಫೋನ್ ಎತ್ತಿದರು. ಹೌದು, ದೋಣಿ ನನ್ನದೇ. ಕಟ್ಟಿದ ಹಗ್ಗ ಬಿಚ್ಚಿ ತೇಲಿ ಹೋಗಿರಬೇಕು. ಆಮೇಲೆ ಬಂದು ತಗೊಂಡು ಹೋಗ್ತೇನೆ ಎಂದರಂತೆ.

ಇಂಥ ದೋಣಿಗಳ ಮೇಲೆ ಹೆಸರು, ನಂಬರ್ ಬರೆಯುವುದೇ ಇದಕ್ಕೆ. ದೋಣಿ ಖಾಲಿಯಾಗಿ ತೇಲಿ ಬಂದರೆ ಆ ನಂಬರಿಗೆ ಫೋನ್ ಮಾಡುವುದು. ಎತ್ತಿದರೆ ಹುಡುಕಾಟ ನಿಲ್ಲಿಸುವುದು, ಎತ್ತದಿದ್ದರೆ ನೀರಿಗೆ ಇಳಿಯುವುದು. ಭೋಯಿರ್ ಹುಡುಕಲು ಕಳಿಸಿದ್ದ ಎರಡು ದೋಣಿಗಳನ್ನು ವಾಪಸ್ ಕರೆಸುವ ಸನ್ನಾಹದಲ್ಲಿದ್ದ.

"ತಡಿ ಮಾರಾಯ" ಎಂದೆ. "ಇದು ಹಗ್ಗ ಬಿಚ್ಚಿ ಬಂದ ದೋಣಿಯಾದರೆ ನನ್ನ ಹೆಸರು ವೇದಾವತಿಯೇ ಅಲ್ಲ."

"ಯಾಕೆ ಮೇಡಂ?"

"ಒಳಗಿನ ಕೆಸರು ನೋಡು, ಇನ್ನೂ ಹಸಿ. ಹತ್ತಿ ಕೂತವರ ಚಪ್ಪಲಿಯ ಕೆಸರು ಅದು. ಈ ಫ್ಲಾಸ್ಕ್ ಮುಟ್ಟು."

ಮುಟ್ಟಿದ. ಮುಚ್ಚಳ ತೆಗೆದರೆ ಹೊಗೆಯಾಡುತ್ತಿತ್ತು. ಮೂಸಿ ಮುಖ ಸಿಂಡರಿಸಿದ. "ಔಷಧ?"

"ಔಷಧ ಅಲ್ಲ, ಕಷಾಯ. ಕೊತ್ತಂಬರಿ, ಜೀರಿಗೆ, ಹಾಲು, ಬೆಲ್ಲ." ಬೆರಳು ಅದ್ದಿ ನೆಕ್ಕಿದೆ. ಬೆಲ್ಲ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. "ನಮ್ಮ ಉಡುಪಿ ಕಡೆಯವರು ಯಾರೋ ಇವತ್ತು ಬೆಳಿಗ್ಗೆ ಈ ದೋಣಿಯಲ್ಲಿ ಕೂತಿದ್ದರು. ಕುಳ್ಳಗಿನವರು. ಕಾಲು ಊರುವ ಹಲಗೆ ನೋಡು, ಎಷ್ಟು ಹತ್ತಿರಕ್ಕೆ ಎಳೆದುಕೊಂಡಿದ್ದಾರೆ."

ಭೋಯಿರ್ ತಲೆ ಕೆರೆದುಕೊಂಡ. "ಮಾಲೀಕನೇ ನಂದು, ನಾನು ಸೇಫ್ ಅಂತಾನೆ. ನಾನು ಯಾರನ್ನ ಹುಡುಕಲಿ? ಕಾಣೆಯಾದವರ ಹೆಸರಾದರೂ ಬೇಕಲ್ಲ? ಮಧ್ಯಾಹ್ನಕ್ಕೆ ಭರತಿ, ನೀರು ಏರ್ತದೆ. ಅಷ್ಟರೊಳಗೆ ಹೆಸರು ಕೊಡಿ, ಇರೋ ದೋಣಿಯೆಲ್ಲ ಇಳಿಸ್ತೇನೆ."

ನಾನು ಖಾಡಿಯ ಕಡೆ ನೋಡಿದೆ. ಆಚೆಗೆಲ್ಲ ಕೆಸರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ಕಾಡು. ಇಳಿತದಲ್ಲಿ ಅಲ್ಲಿ ಸಿಕ್ಕಿಕೊಂಡವರು ಸೊಂಟದವರೆಗೆ ಹೂತು ನಿಂತಿರಬಹುದು, ಬದುಕಿರಬಹುದು. ಉಬ್ಬರ ಬಂದರೆ ಆ ಮಾತು ಹೇಳುವ ಹಾಗಿಲ್ಲ.

ಹುಟ್ಟಿನ ನಡುವಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿತ್ತು. ಊರಿಗೆ ಹೋಗುವಾಗ ರೈಲಿನಲ್ಲಿ ನಮ್ಮ ಬ್ಯಾಗು ಗುರುತು ಸಿಗಲೆಂದು ಹಳೆಯ ಸೀರೆ ಹರಿದು ಕಟ್ಟುತ್ತೇವಲ್ಲ, ಹಾಗೆ. ಖಾಡಿಯ ಕೆಸರು ಕುಡಿದು ಅದು ಕಪ್ಪಾಗಿತ್ತು, ಬಣ್ಣವೇ ತಿಳಿಯುತ್ತಿರಲಿಲ್ಲ. ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ, ಹಳಿ ರಿಪೇರಿಯ ಮೆಗಾಬ್ಲಾಕ್. ರೈಲಿನ ಆಸೆ ಬಿಟ್ಟು ವಾಗ್ಳೆ ಎಸ್ಟೇಟಿಗೆ ಟ್ಯಾಕ್ಸಿ ಹತ್ತಿದೆ.

ಐರೋಲಿ ಸೇತುವೆಯ ಮೇಲೆ ಬರುವಾಗ ಎಂದಿನಂತೆ ಕಿಟಕಿಗೆ ಮೂಗು ಒತ್ತಿದೆ. ದೂರದಲ್ಲಿ ಕೆಸರಿನ ಮೇಲೆ ಗುಲಾಬಿ ಗೆರೆ ಎಳೆದ ಹಾಗೆ ಫ್ಲೆಮಿಂಗೋಗಳು. ಇಷ್ಟು ವರ್ಷ ಇಲ್ಲಿದ್ದೂ ಅವುಗಳ ಕಾಲು ಹೇಗಿದೆ ಎಂದು ಸರಿಯಾಗಿ ಕಂಡವಳಲ್ಲ. ಚಳಿಗಾಲ ಬಂತೆಂದರೆ ಈ ದೂರು ಹೇಳುತ್ತೇನೆ, ನಮ್ಮವರು ಹೂಂ ಎನ್ನುತ್ತಾರೆ. ಅವರ ಹೂಂಗುಟ್ಟುವಿಕೆಯಲ್ಲೇ ನನ್ನ ಸಂಸಾರ ಸುಖವಾಗಿ ಸಾಗಿದೆ.

ಅವರ ಹೆಸರು ಕೇಳಬೇಡಿ. ನಾನು ಗಂಡನ ಹೆಸರು ಹೇಳುವವಳಲ್ಲ. ಸರ್ವೇಯರ್ ಆಗಿ ಹಡಗಿನ ಕ್ಯಾಪ್ಟನ್‌ಗಳ ಜೊತೆ ಜಗಳ ಆಡಿದ್ದೇನೆ, ಬಂದರಿನಲ್ಲಿ ಏಣಿ ಹತ್ತಿದ್ದೇನೆ, ಆದರೆ ಅಮ್ಮ ಕಲಿಸಿದ ಇದೊಂದು ಬಿಟ್ಟಿಲ್ಲ. ಯಾರಾದರೂ ಕೇಳಿದರೆ ಮನೆಬಾಗಿಲಿನ ಬೋರ್ಡ್ ತೋರಿಸುತ್ತೇನೆ. ನಗುವವರು ನಗಲಿ.

ಊಟಕ್ಕೆ ಕಾಯಬೇಡಿ ಎನ್ನಲು ಫೋನ್ ಮಾಡಿದೆ. ಸಿಗಲಿಲ್ಲ. ಸಿಗುವುದು ಹೇಗೆ? ಭಾನುವಾರ ಬೆಳಿಗ್ಗೆ ಅವರು ಕಲ್ಯಾಣದ ಭಜನಾ ಮಂಡಳಿಗೆ ತಾಳ ಕಲಿಯಲು ಹೋಗುತ್ತಾರೆ, ಅಲ್ಲಿ ಫೋನ್ ಬಂದ್. ನಿವೃತ್ತಿಯಾದ ಮೇಲೆ ಹುಟ್ಟಿದ ಹೊಸ ಭಕ್ತಿ. ಲೋಕಲ್‌ನಲ್ಲಿ ನೇತಾಡಿ ಭುಜ ನೋಯಿಸಿಕೊಂಡು ಬರುತ್ತಾರೆ, ಎಣ್ಣೆ ತಿಕ್ಕುವ ಸೇವೆ ಮಾತ್ರ ನನಗೆ. ತಿಕ್ಕುವಾಗ ಮುಖ ನೋಡಬೇಕು, ಮಗುವಿನ ಹಾಗೆ ನಗುತ್ತಿರುತ್ತಾರೆ. ನನಗೂ ಖುಷಿಯೇ.

ವಾಗ್ಳೆ ಎಸ್ಟೇಟಿನಲ್ಲಿ ಭಾನುವಾರ ಫ್ಯಾಕ್ಟರಿಗಳು ಮುಚ್ಚಿದ್ದರೂ ಪುಂಡರೀಕಾಕ್ಷರ ಹೋಟೆಲ್ ತುಂಬಿತ್ತು. ಗಲ್ಲಾದ ಹಿಂದೆ ಅವರು, ಪಕ್ಕದ ಪಾರ್ಸೆಲ್ ಕೌಂಟರಿನಲ್ಲಿ ಹೆಂಡತಿ ಜಯಲತಾ. ನಮ್ಮ ಜಾತಿ ಸಂಘದ ಊಟಕ್ಕೆಲ್ಲ ಅಡುಗೆ ಇವರದ್ದೇ ಆದ್ದರಿಂದ ಹಳೆಯ ಪರಿಚಯ.

"ಬನ್ನಿ ವೇದಕ್ಕ, ಎಂತ ಅಪರೂಪ!" ಪುಂಡರೀಕಾಕ್ಷ ಎದ್ದು ನಿಂತರು. ಎದ್ದರೆ ತಲೆ ಫ್ಯಾನಿಗೆ ತಾಗುತ್ತದೋ ಎನ್ನುವಷ್ಟು ಎತ್ತರ. "ಬನ್ಸ್ ಈಗಷ್ಟೇ ಎಣ್ಣೆಯಿಂದ ಎದ್ದದ್ದು. ಒಂದು ಪ್ಲೇಟ್ ಹೇಳ್ಲಾ?"

"ಹೇಳಿ. ಬೆಳಿಗ್ಗೆಯಿಂದ ಹೊಟ್ಟೆಗೆ ಎಂತದ್ದೂ ಬಿದ್ದಿಲ್ಲ. ಜಯಲತಾ, ಈ ತುಂಡು ಬಟ್ಟೆ ಒಂದು ತೊಳೆಸಿ, ಒಲೆ ಹತ್ರ ಒಣಗಿಸಿ ಕೊಡ್ತೀಯಾ? ಬಣ್ಣ ನೋಡ್ಬೇಕು."

"ಇಶ್ಶೀ, ಎಂತಕ್ಕ ಈ ವಾಸನೆ!" ಎಂದುಕೊಂಡೇ ಅವಳು ಒಳಗೆ ಕೊಟ್ಟು ಬಂದಳು.

ಬನ್ಸ್ ಬಂತು. ಹೊರಗೆ ಗರಿ, ಒಳಗೆ ಬಾಳೆಹಣ್ಣಿನ ಪರಿಮಳ. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು ಶುರು ಮಾಡಿದೆ.

"ಅಣ್ಣ, ನಿಮಗೆ ಈ ದೋಣಿ ಮರ್ಲು ಯಾವಾಗಿನಿಂದ?"

ಅವರು ಜಯಲತಾಳ ಕಡೆ ಒಂದು ಕಣ್ಣು ಹಾಯಿಸಿದರು. "ಅದು... ಡಾಕ್ಟ್ರು ಎಕ್ಸರ್‌ಸೈಜ್ ಮಾಡಿ ಅಂತ ಹೇಳಿದ್ದಲ್ವಾ."

"ಯಾವ ದೋಣಿ? ಯಾವ ಡಾಕ್ಟ್ರು?" ಜಯಲತಾ ತಿರುಗಿದಳು. "ಅಕ್ಕ, ಇವ್ರು ಲಿಫ್ಟ್ ಬಂದ್ ಆದ್ರೆ ಕೆಳಗೆ ಕೂತು ಕಾಯುವ ಜನ!"

"ನೀನು ಸುಮ್ನಿರು ಮಾರಾಯ್ತಿ."

"ಆ ದೋಣಿಯಲ್ಲಿ ನೀವು ಕೂತರೆ ಮೊಣಕಾಲು ಗದ್ದಕ್ಕೆ ಬಡಿತದೆ ಅಣ್ಣ" ಎಂದೆ. "ಫ್ಲಾಸ್ಕಿನಲ್ಲಿ ಬೆಲ್ಲದ ಕಷಾಯ ಇತ್ತು. ನಿಮಗೆ ಸಕ್ಕರೆ ಕಾಯಿಲೆ. ಸಂಘದ ಊಟದಲ್ಲಿ ಪಾಯಸ ನೋಡಿ ನಿಟ್ಟುಸಿರು ಬಿಡುವವರು ನೀವು. ಬೆಳಿಗ್ಗೆ ಅದರಲ್ಲಿ ಇದ್ದದ್ದು ಯಾರು?"

"ಯಾರೂ ಇಲ್ಲ. ನಂದೇ ದೋಣಿ. ಹೆಸರು ಉಂಟಲ್ಲ ಅದ್ರ ಮೇಲೆ? ನಾನೇ ಕೊರೆದದ್ದು. ಪಾತ್ರೆಗೆ ಹೆಸರು ಕೊರೆಯುವ ಮಿಷಿನ್ ಇಲ್ಲೇ ಉಂಟು, ಬೇಕಾದ್ರೆ ತೋರಿಸ್ತೇನೆ."

ಅಲ್ಲಿಗೆ ನನ್ನ ಬಂಡಿ ನಿಂತಿತು. ಹೆಸರು ಅವರದ್ದು, ಕೈಬರಹ ಅವರದ್ದು, ಬಾಯಿಯೂ ಅವರದ್ದು. ಗೋಡೆಯ ಗಡಿಯಾರ ನೋಡಿದೆ. ಮಧ್ಯಾಹ್ನ ಹತ್ತಿರ ಬರುತ್ತಿತ್ತು. ಸಿಟ್ಟು ಬಂದು ಬನ್ಸಿನ ಇನ್ನೊಂದು ತುಂಡು ಮುರಿದೆ.

ಕಣ್ಣು ಮೇಲಿನ ಹಲಗೆಗೆ ಹೋಯಿತು. ದೇವರ ಫೋಟೋದ ಪಕ್ಕದಲ್ಲಿ ಹುಣಿಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಹೊಳೆಯುವ ಒಂದು ತಾಮ್ರದ ಕೊಳಗ. ಅದರ ಕಂಠದಲ್ಲಿ ಚುಕ್ಕಿ ಅಕ್ಷರ: ರತ್ನಾವತಿ.

"ಅದು ಯಾರದ್ದು?" ಸುಮ್ಮನೆ ಕೇಳಿದೆ.

"ನಮ್ದೇ ಅಕ್ಕ" ಎಂದಳು ಜಯಲತಾ.

"ರತ್ನಾವತಿ ಅಂತ ಉಂಟಲ್ಲ?"

"ಅಯ್ಯೋ, ಅವ್ರು ಇವ್ರ ತಂಗಿ. ಹೋಟ್ಲು ಶುರು ಮಾಡಿದಾಗ ಕೊಟ್ಟದ್ದು. ಕೊಟ್ಟವರ ಹೆಸರಲ್ವಾ ಹಾಕುವುದು? ನಮ್ದಂತ ನಾವು ಯಾಕೆ ಹೆಸರು ಹಾಕ್ಕೊಳ್ಬೇಕು?"

ಬನ್ಸ್ ನನ್ನ ಬಾಯಲ್ಲೇ ನಿಂತಿತು.

ಅರೆ ದೇವರೇ! ನಾನೂ ಇದೇ ಮಣ್ಣಿನವಳು, ಹೊಳೆಯಬೇಡವೇ? ಮದುವೆ, ಗೃಹಪ್ರವೇಶ, ಸೀಮಂತ ಏನೇ ಇರಲಿ, ಪಾತ್ರೆ ಕೊಡುವಾಗ ಅಂಗಡಿಯವನು ಮಿಷಿನ್ ಹಿಡಿದು "ಹೆಸರು?" ಎಂದರೆ ನಾವು ಹೇಳುವುದು ನಮ್ಮ ಹೆಸರು, ತೆಗೆದುಕೊಳ್ಳುವವರದ್ದಲ್ಲ. ಡೊಂಬಿವಲಿಯ ನನ್ನ ಅಡುಗೆಮನೆಯಲ್ಲಿ ನನ್ನ ಹೆಸರಿನ ಒಂದು ಲೋಟವೂ ಇಲ್ಲ. ನನ್ನ ಹೆಸರಿನ ಲೋಟಗಳೆಲ್ಲ ನೆಂಟರ ಮನೆಗಳಲ್ಲಿವೆ.

ಕಯಾಕಿಗೂ ಅದೇ ಶಾಸ್ತ್ರ ಮಾಡಿದ್ದಾರೆ ಪುಣ್ಯಾತ್ಮ! ಪೊಲೀಸರಿಗೆ ಅದು ಮಾಲೀಕನ ಹೆಸರು, ನಮ್ಮ ಜನಕ್ಕೆ ಉಡುಗೊರೆ ಕೊಟ್ಟವನ ಹೆಸರು.

"ಅಣ್ಣ" ಎಂದೆ ಮೆಲ್ಲಗೆ. "ದೋಣಿ ನೀವು ಯಾರಿಗೆ ಕೊಟ್ಟದ್ದು?"

ಆರಡಿ ಎತ್ತರದ ಮನುಷ್ಯ ಸ್ಟೂಲಿನ ಮೇಲೆ ಕುಸಿದರು. ಗಲ್ಲಾದ ಮೇಲಿನ ಸೋಂಪಿನ ಬಟ್ಟಲನ್ನು ಆಚೆ ಈಚೆ ಸರಿಸಿದರು. "ನಿಶಾಗೆ" ಎಂದರು.

ನಿಶಾ ಎಂದರೆ ಅದೇ ತಂಗಿ ರತ್ನಾವತಿಯ ಮಗಳು, ಅವರ ಸೋದರಸೊಸೆ. ಈ ಜಗಳ ಸಂಘದಲ್ಲಿ ಎಲ್ಲರಿಗೂ ಗೊತ್ತು. ನಿಶಾಳ ಮದುವೆ ಊಟವನ್ನು ರತ್ನಾವತಿ ಸ್ವಂತ ಅಣ್ಣನನ್ನು ಬಿಟ್ಟು ಬೇರೆ ಕೇಟರರ್‌ಗೆ ವಹಿಸಿದ್ದಳು. ಹೋಟೆಲಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

"ಮದುವೆಗೆ ಹೋಗ್ಲಿಲ್ಲ ನಾನು. ಆದ್ರೆ ಮಗು ಎಂತ ತಪ್ಪು ಮಾಡಿದೆ? ಎತ್ತಿ ಆಡಿಸಿದ ಕೈ ಇದು. 'ಮಾಮ, ನಂಗೆ ಕಯಾಕ್ ಬೇಕು' ಅಂತ ಮೊದ್ಲಿಂದ ಹೇಳ್ತಿದ್ಳು. ಕದ್ದು ಕೊಟ್ಟೆ. ಇವಳಿಗೆ ಗೊತ್ತಾದ್ರೆ ಬೇಜಾರಾದೀತು ಅಂತ ಪೊಲೀಸಿಗೆ ನಂದೇ ಅಂದೆ."

ಜಯಲತಾ ಪಾರ್ಸೆಲ್ ಕಟ್ಟುತ್ತಿದ್ದ ದಾರ ಹಿಡಿದುಕೊಂಡೇ ನಿಂತಿದ್ದಳು. ಇನ್ನೇನು ಸಿಡಿಯುತ್ತಾಳೆ ಎಂದುಕೊಂಡೆ.

"ನಂಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಮೊನ್ನೆ ನಾನೂ ಅವಳಿಗೆ ಅಪ್ಪೆಮಿಡಿ ಕಳಿಸಿದ್ದೇನೆ. ಏಳು ತಿಂಗಳ ಬಸುರಿ, ಬಾಯಿಗೆ ರುಚಿ ಬೇಡ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಕದ್ದು ಪ್ರೀತಿ ಮಾಡುವುದರಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು! ನನಗೂ ನಗು ತಡೆಯಲಾಗಲಿಲ್ಲ.

"ಬಸುರಿ ಅಂದ್ರೆ ಅವಳು ನೀರಿಗೆ ಇಳಿದಿಲ್ಲ ಅಂತಾಯ್ತು" ಎಂದೆ.

"ಅದಕ್ಕೇ ಅಲ್ವಾ ನಾನು ಧೈರ್ಯವಾಗಿ ಸುಳ್ಳು ಹೇಳಿದ್ದು? ಬೇರೆ ಯಾರಾದ್ರೂ ಇರ್ಬಹುದು ಅಂತ ನಂಗೆ ತಲೆಗೇ ಹೋಗ್ಲಿಲ್ಲ."

"ಫೋನ್ ಹಾಕಿ. ಸ್ಪೀಕರಿನಲ್ಲಿಡಿ."

ನಿಶಾ ಒಂದೇ ರಿಂಗಿಗೆ ಎತ್ತಿದಳು. "ಮಾಮ! ಎಷ್ಟು ದಿನ ಆಯ್ತು! ಮಾಮಿಯ ಉಪ್ಪಿನಕಾಯಿ ಏಕ್‌ದಮ್ ಫಸ್ಟ್ ಕ್ಲಾಸ್..."

"ನಿನ್ನ ದೋಣಿ ಎಲ್ಲುಂಟು ಮಗಾ?"

"ಬೋಟ್? ವೋ ತೋ ಮೇರೆ ಪಾಸ್ ಹೈ ಹೀ ನಹೀ, ಮಾಮ. ನಾನು ಯೂಸ್ ಮಾಡೋದಿಲ್ಲ, ಸುಮ್ನೆ ಯಾಕೆ ಬಿದ್ದಿರ್ಬೇಕು ಅಂತ ಒಬ್ಬ ಅಂಕಲ್‌ಗೆ ಕೊಟ್ಟೆ. ಅವರಿಗೆ ನಾನೇ ದಡದಲ್ಲಿ ನಿಂತು ಕಲಿಸಿದ್ದು. ಸಾರಿ, ನಿಮ್ಮ ಗಿಫ್ಟ್..."

ಕೊಟ್ಟ ಪಾತ್ರೆ ಮತ್ತೊಬ್ಬರಿಗೆ ದಾಟುವುದು ನಮ್ಮಲ್ಲಿ ಹೊಸತಲ್ಲ. ಮೇಲಿನ ಹೆಸರು ಮಾತ್ರ ಮೊದಲು ಕೊಟ್ಟವನದ್ದೇ ಉಳಿಯುತ್ತದೆ.

ನಾನು ಫೋನಿಗೆ ಬಾಗಿದೆ. "ನಾನು ಪೊಲೀಸರ ಕಡೆಯವಳು ಮಗಾ. ಆ ದೋಣಿ ಖಾಲಿ ಸಿಕ್ಕಿದೆ. ಅವರ ಹೆಸರು ಬೇಗ ಹೇಳು."

"ಖಾಲಿ? ಆಂಟಿ, ಅವರು ಯಾರಿಗೂ ಹೇಳ್ಬಾರದು ಅಂತ ನನ್ನ ಹತ್ರ ಪ್ರಾಮಿಸ್ ತಗೊಂಡಿದ್ದಾರೆ. ಅವರ ಹೆಂಡತಿಗೆ ಸರ್ಪ್ರೈಸ್ ಅಂತೆ. ಮೊದ್ಲು ಒಬ್ರೇ ಕಲಿತು, ಆಮೇಲೆ ಇಬ್ರು ಕೂರೋ ಬೋಟ್ ತಗೊಂಡು ಅವರನ್ನ ಖಾಡಿಗೆ ಕರ್ಕೊಂಡು ಹೋಗ್ತಾರಂತೆ. ಹೆಂಡತಿಗೆ ಫ್ಲೆಮಿಂಗೋ ಹತ್ತಿರದಿಂದ ನೋಡ್ಬೇಕಂತೆ, ಯಾವಾಗ್ಲೂ ಸೇತುವೆಯಿಂದಲೇ ನೋಡಿ ಬೇಜಾರು ಮಾಡ್ಕೋತಾರಂತೆ..."

ನಾನು ಬನ್ಸಿನ ಪ್ಲೇಟನ್ನು ಆಚೆ ತಳ್ಳಿದೆ.

"ಅಕ್ಕ, ನಿಮ್ಮ ಬಟ್ಟೆ." ಜಯಲತಾ ಒಳಗಿನಿಂದ ಬಂದ ಪಟ್ಟಿಯನ್ನು ನನ್ನ ಕೈಗಿಟ್ಟಳು. ಒಲೆಯ ಬಿಸಿಗೆ ಒಣಗಿ ಅದಿನ್ನೂ ಬೆಚ್ಚಗಿತ್ತು. ಗಿಳಿಹಸಿರು ಬಣ್ಣ, ಅರಶಿನ ಅಂಚು. ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟಗಲ ಕಂದು ಕಲೆ.

ಆ ಕಲೆ ಮಾಡಿದ್ದು ನಾನು. ಫೋನಿನಲ್ಲಿ ಹರಟುತ್ತ ಇಸ್ತ್ರಿ ಸೀರೆಯ ಮೇಲೇ ಇಟ್ಟು ಸುಟ್ಟುಕೊಂಡು, ಅತ್ತುಕೊಂಡು, ಒರೆಸಲಿಕ್ಕೆ ಇಟ್ಟುಕೊಳ್ಳಿ ಎಂದು ನಮ್ಮವರ ಕಡೆ ಎಸೆದ ಸೀರೆ ಅದು.

ಅವರು ಯಾವಾಗಲೂ ಬೆಲ್ಲ ಜಾಸ್ತಿ ಹಾಕುವ ಕಷಾಯ. ಭುಜದ ನೋವು. ಎಣ್ಣೆ ತಿಕ್ಕುವಾಗಿನ ನಗು. ತಾಳ ತಟ್ಟಿ ಯಾರ ಭುಜವಾದರೂ ನೋಯುತ್ತದೆಯೇ? ಊರಿಗೆಲ್ಲ ಪತ್ತೆ ಮಾಡಿಕೊಡುವವಳು, ಪಕ್ಕದಲ್ಲಿ ಮಲಗಿದವರನ್ನು ನೋಡಲಿಲ್ಲ.

ನನ್ನ ಫೋನ್ ಹೊಡೆದುಕೊಂಡಿತು. ಭೋಯಿರ್.

"ಮೇಡಂ, ನನ್ನ ಜೀವವೇ ಹೋಗಿತ್ತು!" ಅವನು ನಗುತ್ತಿದ್ದ. "ಕಾಂಡ್ಲಾದ ಒಳಗೆ ಮ್ಯಾಂಗ್ರೋವ್ ಬೇರಿಗೆ ಸಿಕ್ಕಿದ ಒಂದು ಲೈಫ್ ಜಾಕೆಟ್ ತಂದ್ರು. ಬಕಲ್ ಹರಿದಿಲ್ಲ, ಯಾರೋ ಕೈಯಿಂದ ಬಿಚ್ಚಿದ್ದು. ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರು ನೋಡಿದ್ರೆ ವೇದಾವತಿ! ನಂಬರೂ ನಿಮ್ಮದೇ!"

ಅವನ ದೊಡ್ಡ ದನಿ ಆ ಫೋನಿಗೂ ತಲುಪಿತ್ತು; ಪುಂಡರೀಕಾಕ್ಷರ ಫೋನಿನಿಂದ ನಿಶಾಳ ಅಳು ಕೇಳುತ್ತಿತ್ತು. "ನಾನೇ ಹೇಳಿದ್ದು ಆಂಟಿ, ಜಾಕೆಟ್ ಮೇಲೆ ಮನೆಯವರ ಹೆಸರು, ನಂಬರ್ ಬರೀರಿ ಅಂತ. ಏನಾದ್ರೂ ಆದ್ರೆ ಅವರಿಗೆ ಫೋನ್ ಹೋಗ್ಲಿ ಅಂತ..."

"ಆದ್ರೆ ನೀವು ಈಗಷ್ಟೇ ಇಲ್ಲಿಂದ ಹೋದ್ರಿ" ಎನ್ನುತ್ತಿದ್ದ ಭೋಯಿರ್. "ಅಂದ್ರೆ ನಿಮ್ಮ ಹಳೇ ಜಾಕೆಟ್ ಯಾವುದೋ ತೇಲಿ ಬಂದಿದೆ. ದೋಣಿಯವನು ಸೇಫ್, ಜಾಕೆಟ್‌ನವರೂ ಸೇಫ್. ಯಾರೂ ಕಾಣೆಯಾಗಿಲ್ಲ. ಸಂಪಲಾ ವಿಷಯ!"

"ದೋಣಿಗಳನ್ನ ಇಳಿಸು, ಭೋಯಿರ್."

"ಅದೇ ಹೇಳಿದ್ನಲ್ಲ, ಹುಡುಕಲಿಕ್ಕೆ ಒಂದು ಹೆಸರಾದ್ರೂ ಬೇಕಲ್ಲ ಮೇಡಂ?"

ಹಸಿರು ಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡೆ. ಆ ಹೆಸರು ದೋಣಿಯ ಮೇಲಿಲ್ಲ, ಜಾಕೆಟಿನ ಮೇಲಿಲ್ಲ, ಇಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಬಾಯಲ್ಲೂ ಇರಲಿಲ್ಲ.

"ಸರ್ವೋತ್ತಮ" ಎಂದೆ.

"ಯಾರು ಮೇಡಂ ಅದು?"

"ಸರ್ವೋತ್ತಮ" ಎಂದು ಇನ್ನೊಮ್ಮೆ ಹೇಳಿದೆ. ಕಿರುಚಿದೆನೋ ಏನೋ, ಹೋಟೆಲಿಗೆ ಹೋಟೆಲೇ ನನ್ನ ಕಡೆ ತಿರುಗಿತು. "ನನ್ನ ಗಂಡ."

ಭೋಯಿರ್ ಈ ಸಲ ತನ್ನ ಮಾಮೂಲಿ ಮಾತು ಹೇಳಲಿಲ್ಲ. ಅವನು ಯಾರಿಗೋ ಜೋರಾಗಿ ಕೂಗಿದ್ದು, ಓಡಿದ್ದು ಕೇಳಿಸಿತು. ಆಮೇಲೆ ಫೋನಿಗೆ ಬಂದು, ಏದುಸಿರು ಬಿಡುತ್ತ ಹೇಳಿದ.

"ಮೇಡಂ, ಭರತಿ ಆಗಲೇ ಶುರುವಾಗಿದೆ."